ಈಶಾನ್ಯಕ್ಕೆ ನಾಲ್ಕು ಇಂಚು

ಹನುಮಂತನಗರದ ಗುಡ್ಡದ ಕೆಳಗಿನ ತನ್ನ ಎರಡು ಕೋಣೆಯ ಮನೆಯಿಂದ ಗಾಂಧಿ ಬಜಾರಿನವರೆಗೆ ನಡೆದು ಬರುವಷ್ಟರಲ್ಲಿ ಅಂಜನಪ್ಪನಿಗೆ ಕಡಿಮೆಯೆಂದರೂ ಹತ್ತು ಜನರ ಮೇಲೆ ಅಸಹ್ಯ ಹುಟ್ಟುತ್ತಿತ್ತು. ಹೋದ ತಿಂಗಳು ಹಾಸಿದ ಫುಟ್‌ಪಾತ್ ಕಲ್ಲು ಕಾಲಿಟ್ಟರೆ ಅಲ್ಲಾಡುತ್ತಿತ್ತು. ಹಾಸಿದವನಿಗೆ ಒಂದು ಬೈಗುಳ. ಬ್ಯಾಂಕಿನ ಮೆಟ್ಟಿಲು ಎಡಕ್ಕೆ ವಾಲಿತ್ತು. ಕಟ್ಟಿದವನಿಗೂ ಕಟ್ಟಿಸಿಕೊಂಡವನಿಗೂ ಒಂದೊಂದು. ಕೋಟಿಗಟ್ಟಲೆ ಸುರಿದು ಕೊಂಡ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ನಿನ್ನೆ ತೊಳೆದ ನೀರು ಇವತ್ತೂ ನಿಂತಿರುತ್ತಿತ್ತು. ವಾಚ್‌ಮನ್ ಅದನ್ನು ಪೊರಕೆಯಿಂದ ಚರಂಡಿಗೆ ತಳ್ಳುತ್ತಿದ್ದ, ದಿನವೂ ತಳ್ಳುತ್ತಿದ್ದ. ಒಂದು ನೆಲ ಮಾಡುವುದಕ್ಕೆ ಬಾರದ ಜನ ಎಂಟಂತಸ್ತು ಎಬ್ಬಿಸುತ್ತಾರಲ್ಲ ಎಂದು ಅಂಜನಪ್ಪ ರಸ್ತೆಯ ಪಕ್ಕಕ್ಕೆ ಉಗಿದು ಮುಂದೆ ನಡೆಯುತ್ತಿದ್ದ. ಅವನ ಪ್ರಕಾರ ಇಡೀ ಬೆಂಗಳೂರಿನಲ್ಲಿ ನಂಬಿಕೆಗೆ ಯೋಗ್ಯವಾಗಿ ಉಳಿದಿದ್ದದ್ದು ನೀರೊಂದೇ.

ಅವನು ಗಾರೆ ಕೆಲಸದವನು, ವಯಸ್ಸು ಅರವತ್ತೆರಡು. ಬಸವನಗುಡಿ, ಚಾಮರಾಜಪೇಟೆಗಳಲ್ಲಿ ಅಂಜನಪ್ಪ ಎನ್ನುವವರು ಬೇಕಾದಷ್ಟಿದ್ದರು, ಆದರೆ 'ಲೆವೆಲ್ ಅಂಜನಪ್ಪ' ಎಂದರೆ ಇವನೊಬ್ಬನೇ. ಮೊದಲು ಹಾಗೆ ಕರೆದವರು ಯಾರೋ ಅವನಿಗೂ ನೆನಪಿಲ್ಲ. ಅವನು ಹಾಸಿದ ತಾರಸಿಯ ಮೇಲೆ ಮಳೆಯ ನೀರು ಅಂಗೈಯಗಲ ನಿಂತ ಉದಾಹರಣೆ ಇರಲಿಲ್ಲ, ಅವನು ಕೂರಿಸಿದ ಅಡುಗೆಕಟ್ಟೆಯ ಮೇಲೆ ಗೋಲಿ ಇಟ್ಟರೆ ಅದು ಇಟ್ಟಲ್ಲೇ ಇರುತ್ತಿತ್ತು. ಹಾರ್ಡ್‌ವೇರ್ ಅಂಗಡಿಯ ರುದ್ರೇಶ್ ಗಿರಾಕಿಗಳಿಗೆ "ನೆಲದ ಕೆಲ್ಸ ಅಂದ್ರೆ ಲೆವೆಲ್ ಅಂಜನಪ್ಪನ್ನ ಕರ್ಕೊಳಿ, ಬೇರೆಯವರ ಹತ್ರ ಹೋಗಿ ಆಮೇಲೆ ನನ್ನ ಬೈಬೇಡಿ" ಎಂದು ಎದುರಿಗೇ ಹೇಳುತ್ತಿದ್ದ. ಅಂಜನಪ್ಪ ಆಗ ಕೇಳಿಸದವನಂತೆ ಮೊಳೆಗಳನ್ನು ಆರಿಸುತ್ತ ನಿಂತಿರುತ್ತಿದ್ದ. ಹೆಸರಿನ ಹಿಂದಿನ ಆ ಒಂದು ಮಾತು ಬಿಟ್ಟರೆ ನಲವತ್ತು ವರ್ಷದ ದುಡಿಮೆಯಲ್ಲಿ ಅವನು ಸಂಪಾದಿಸಿದ್ದು ಹೆಚ್ಚೇನೂ ಇರಲಿಲ್ಲ, ಅದು ಅವನಿಗೂ ಗೊತ್ತಿತ್ತು.

ಅವನ ಆಸ್ತಿ ಎಂದರೆ ಚಿಕ್ಕಪೇಟೆಯಲ್ಲಿ ಕೊಂಡ ಮೂವತ್ತು ಅಡಿಯ ಪಾರದರ್ಶಕ ಪೈಪು. ಅದರೊಳಗೆ ಗುಳ್ಳೆ ಬಾರದ ಹಾಗೆ ನೀರು ತುಂಬಿ, ಒಂದು ತುದಿಯನ್ನು ಇಲ್ಲಿ, ಇನ್ನೊಂದು ತುದಿಯನ್ನು ಅಲ್ಲಿ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಇಷ್ಟೇ ವಿದ್ಯೆ. ಆದರೆ ಆ ಇನ್ನೊಂದು ತುದಿಯನ್ನು ಹಿಡಿಯುವ ಕೈ ನಡುಗಬಾರದು, ಕಣ್ಣು ಸುಳ್ಳು ಹೇಳಬಾರದು. ಆ ತುದಿಯಲ್ಲಿ ನಲವತ್ತು ವರ್ಷದಿಂದ ನಿಂತವಳು ಅವನ ಹೆಂಡತಿ ಹನುಮಕ್ಕ. ಗುರುತು ಹಾಕಿದ ಗೆರೆಗೆ ನೀರು ಬಂದು ಅಲುಗಾಡದೆ ನಿಂತ ಮೇಲೆ ಅವಳು "ಬಂತು" ಎನ್ನುತ್ತಿದ್ದಳು. ಅವಳು 'ಬಂತು' ಎನ್ನುವವರೆಗೆ ಅಂಜನಪ್ಪ ಸೀಸದಕಡ್ಡಿಯನ್ನು ಗೋಡೆಗೆ ತಾಗಿಸುತ್ತಿರಲಿಲ್ಲ. ಈಚೆಗೆ ಕೆಂಪು ಗೆರೆ ಬಿಡುವ ಮಿಷಿನ್ ಹಿಡಿದು ಓಡಾಡುವ ಹೊಸ ಮೇಸ್ತ್ರಿಗಳನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಬ್ಯಾಟರಿ ಮುಗಿದರೆ ಭೂಮಿ ಎಲ್ಲಿದೆ ಎಂದು ಕೇಳಿಕೊಂಡು ಬರುವ ಪೈಕಿ ಅವರು.

ಅವನ ಇನ್ನೊಂದು ಹೆಮ್ಮೆ ಏನೆಂದರೆ, ಯಜಮಾನರ ಮುಂದೆ ನಿಂತು 'ತಪ್ಪಾಯ್ತು' ಎಂದದ್ದೇ ಇಲ್ಲ. ಹಾಗೆ ಅಂದು ತಲೆ ತಗ್ಗಿಸಿದ ಗಾರೆಯವರನ್ನೆಲ್ಲ ಅವನು ಹೆಸರು ಹಿಡಿದು ಹೀಯಾಳಿಸುತ್ತಿದ್ದ. ಸತ್ತವರನ್ನೂ ಬಿಡುತ್ತಿರಲಿಲ್ಲ.

ಏಪ್ರಿಲ್ ತಿಂಗಳ ಒಂದು ಬುಧವಾರ ಬಸವನಗುಡಿಯ ಅನಿಲ್ ಕುಮಾರ್ ಹೇಳಿಕಳುಹಿಸಿದ. ಸೈಟು ಕೊಂಡು ಮಾರುವ ವ್ಯವಹಾರದವನು. ಅವರಪ್ಪ ಹೊಸಕೋಟೆ ಕಡೆಯ ಹೊಲ ಬಿಟ್ಟು ಬಂದು ಕೊಂಡ ಹಳೆಯ ಮನೆಯ ಮುಂಭಾಗಕ್ಕೆ ಗಾಜು ಹೊದಿಸಿ, ಹಿತ್ತಲನ್ನು ಮಾತ್ರ ಇದ್ದ ಹಾಗೆಯೇ ಉಳಿಸಿಕೊಂಡಿದ್ದ. ಆ ಹಿತ್ತಲಿನಲ್ಲಿ ಈಗ ಎರಡು ದೊಡ್ಡ ರಟ್ಟಿನ ಪೆಟ್ಟಿಗೆಗಳು ಬಂದು ಕೂತಿದ್ದವು. ಒಳಗೆ ಉಕ್ಕಿನ ಪೈಪುಗಳೂ ದಪ್ಪನೆಯ ನೀಲಿ ಪ್ಲಾಸ್ಟಿಕ್ ಹಾಳೆಯೂ ಇದ್ದವು. ನೆಲ ಅಗೆಯದೆ, ನೆಲದ ಮೇಲೆಯೇ ನಿಲ್ಲಿಸುವ ಈಜುಕೊಳ. ಹದಿನೈದು ಅಡಿ ಅಗಲ, ನಾಲ್ಕಡಿ ಎತ್ತರ. ಭಾನುವಾರ ಮಗಳು ಪೂಜಿತಾಳ ಒಂಬತ್ತನೆಯ ಹುಟ್ಟುಹಬ್ಬ.

"ಒಂದಿನದ ಕೆಲ್ಸ ಅಂಜನಪ್ಪ. ಮೇಲ್ಮೇಲೆ ಕೆರೆದು ಒಂದಷ್ಟು ಮರಳು ಚೆಲ್ಲಿಬಿಡು, ಸಾಕು," ಎಂದ ಅನಿಲ್ ಕುಮಾರ್, ಫೋನಿನಿಂದ ಕಣ್ಣು ಎತ್ತದೆ.

"ಇದ್ರಲ್ಲಿ ಎಷ್ಟು ನೀರು ಹಿಡಿಯತ್ತೆ ಸಾರ್?"

"ಹದಿನಾರು ಸಾವಿರ ಲೀಟರ್ ಅಂತ ಬರ್ದಿದಾರೆ."

"ಅಂದ್ರೆ ಹದಿನಾರು ಟನ್ನು. ತುಂಬಿದ ಲಾರಿ ಎರಡು ತಂದು ಹಿತ್ತಲಲ್ಲಿ ನಿಲ್ಸಿದ ಹಾಗೆ. ಕೆರೆದು ಮರಳು ಚೆಲ್ಲೋಕೆ ಇದೇನು ರಂಗೋಲಿನಾ ಸಾರ್?"

ಅನಿಲ್ ಕುಮಾರ್ ಆಗ ಕಣ್ಣೆತ್ತಿ ನೋಡಿದ. ಕೆಲಸದವನ ಬಾಯಲ್ಲಿ ಇಂಥ ಮಾತು ಕೇಳಿ ಅಭ್ಯಾಸ ಇಲ್ಲದವನು. ಆದರೆ ಈ ಮನುಷ್ಯನನ್ನೇ ಕರೆಸು ಎಂದು ಹಟ ಹಿಡಿದವರು ಅವನ ತಾಯಿ ಮುನಿಲಕ್ಷ್ಮಮ್ಮ. ಆಕೆ ಅಲ್ಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. "ಅವನ ಪಾಡಿಗೆ ಅವನು ಮಾಡ್ಲಿ ಬಿಡೋ," ಎಂದರು.

ಮೂರು ದಿನ ಗಂಡ ಹೆಂಡತಿ ಬೆವರು ಸುರಿಸಿದರು. ನಡುವೆ ಗೂಟ ಹೊಡೆದು ದಾರ ಕಟ್ಟಿ ಸುತ್ತು ಎಳೆದರು. ಪೈಪು ಹಿಡಿದು ನೋಡಿದರೆ ಹಿತ್ತಲು ಒಂದು ಕಡೆ ಐದಿಂಚು ಎತ್ತರವಿತ್ತು. ಬೇರೆ ಯಾರೇ ಆಗಿದ್ದರೂ ತಗ್ಗಿನ ಕಡೆಗೆ ಮಣ್ಣು ತುಂಬಿ ಕೈ ತೊಳೆದುಕೊಳ್ಳುತ್ತಿದ್ದರು. ತುಂಬಿದ ಮಣ್ಣು ನೀರಿನ ಭಾರಕ್ಕೆ ಕೂತುಬಿಡುತ್ತದೆ ಎನ್ನುವುದು ಆ ಸೋಮಾರಿಗಳಿಗೆ ಕೊಳ ವಾಲಿದ ಮೇಲೆ ತಿಳಿಯುತ್ತದೆ. ಅಂಜನಪ್ಪ ಎತ್ತರವಾದದ್ದನ್ನೇ ಕಡಿದು ತಗ್ಗಿನ ಮಟ್ಟಕ್ಕೆ ತಂದ. ಹುಲ್ಲಿನ ಬೇರು, ಗಾಜಿನ ಚೂರು, ಹಳೆಯ ನುಗ್ಗೆಮರದ ಬುಡದ ತುಂಡು, ಎಲ್ಲವನ್ನೂ ಹನುಮಕ್ಕ ಕುಕ್ಕರುಗಾಲಲ್ಲಿ ಕೂತು ಕೈಯಲ್ಲೇ ಆರಿಸಿದಳು. ನೀರು ಚಿಮುಕಿಸಿ ಗುದ್ದಿ ಗುದ್ದಿ ಗಟ್ಟಿ ಮಾಡಿದ ಮೇಲೆ ಎರಡಿಂಚು ಜರಡಿ ಹಿಡಿದ ಮರಳು ಹಾಕಿದರು. ಕೊಳದ ಹನ್ನೆರಡು ಕಾಲುಗಳು ಬರುವ ಜಾಗದಲ್ಲಿ ಹನ್ನೆರಡು ಕಡಪಾ ಕಲ್ಲುಗಳನ್ನು ನೆಲಕ್ಕೆ ಸಮನಾಗಿ ಕೂರಿಸಿದರು. ಒಂದೊಂದು ಕಲ್ಲಿಗೂ ಪೈಪು ಹಿಡಿದರು, ಒಂದೊಂದು ಕಲ್ಲಿಗೂ ಹನುಮಕ್ಕ "ಬಂತು" ಎಂದಳು.

"ನಮ್ಮಪ್ಪ ಗದ್ದೆಗೆ ನೀರು ಬಿಟ್ಟು ಹಿಂಗೇ ನೋಡೋರು. ನೀರು ಜಾಸ್ತಿ ನಿಂತ ಕಡೆ ನೆಲ ತಗ್ಗು ಅಂತ," ಎಂದರು ಮುನಿಲಕ್ಷ್ಮಮ್ಮ. ಆ ಮನೆಯಲ್ಲಿ ತಲೆಯಿರುವ ಜೀವ ಇದೊಂದೇ ಎಂದು ಅಂಜನಪ್ಪನಿಗೆ ಅನ್ನಿಸಿತು. ಅವನು ಯಾರ ಬಗ್ಗೆಯೂ ಅಷ್ಟು ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡವನಲ್ಲ.

ಶುಕ್ರವಾರ ಸಂಜೆ ನಾಲ್ಕಕ್ಕೆ ಕೆಲಸ ಮುಗಿಯಿತು. ನಾಲ್ಕೂಕಾಲಿಗೆ ಕೇದಾರ್ ಬಂದ.

ಕೇದಾರ್ ಆ ಮನೆಯ ವಾಸ್ತು ಸಲಹೆಗಾರ. ಮೂವತ್ತೈದರ ಒಳಗಿನ ವಯಸ್ಸು, ಇಸ್ತ್ರಿ ಮುರಿಯದ ಬಿಳಿ ಜುಬ್ಬ, ಬೆರಳಿಗೆ ಮೂರು ಉಂಗುರ, ಮೈಯಿಂದ ಮೈಸೂರು ಸ್ಯಾಂಡಲ್ ವಾಸನೆ. ಅನಿಲ್ ಕುಮಾರ್ ಅವನನ್ನು ಕೇಳದೆ ಫ್ರಿಜ್ಜನ್ನು ಕೂಡ ಈ ಗೋಡೆಯಿಂದ ಆ ಗೋಡೆಗೆ ತಳ್ಳುತ್ತಿರಲಿಲ್ಲ. ಕೇದಾರ್ ಚಪ್ಪಲಿ ಬಿಡದೆಯೇ ಆ ಮರಳಿನ ಮೇಲೆ ನಡೆದು, ನಡುವೆ ನಿಂತು, ಅಂಗೈಯಲ್ಲಿ ಮೊಬೈಲು ಮಲಗಿಸಿ ದಿಕ್ಕು ನೋಡಿದ. ಮೂರು ದಿನ ನಯ ಮಾಡಿದ ಮರಳಿನ ಮೇಲೆ ಅವನ ಹೆಜ್ಜೆಗಳು ಮೂಡಿದ್ದನ್ನು ಅಂಜನಪ್ಪ ಎಣಿಸಿದ. ಹದಿನಾಲ್ಕು.

"ಸರ್, ಜಾಗ ಈಶಾನ್ಯದಲ್ಲೇ ಬಂದಿದೆ, ಬಹಳ ಒಳ್ಳೇದು. ಆದ್ರೆ ನೆಲ ಫ್ಲ್ಯಾಟ್ ಆಗ್ಬಿಟ್ಟಿದೆಯಲ್ಲ?" ಎಂದ ಕೇದಾರ್. "ಜಲಸ್ಥಾನ ಈಶಾನ್ಯಕ್ಕೆ ಇಳೀಬೇಕು, ನೈಋತ್ಯ ಎತ್ತರ ಇರಬೇಕು. ಕನಿಷ್ಠ ನಾಲ್ಕು ಇಂಚು."

"ಕೇಳ್ತಾ ಅಂಜನಪ್ಪ? ನಾಲ್ಕು ಇಂಚು ಈಶಾನ್ಯಕ್ಕೆ ಇಳಿಸಿಬಿಡು," ಎಂದ ಅನಿಲ್ ಕುಮಾರ್, ಉಪ್ಪಿಟ್ಟಿಗೆ ಇನ್ನೊಂದು ಚಮಚ ತುಪ್ಪ ಹಾಕು ಎನ್ನುವ ದನಿಯಲ್ಲಿ.

"ಸಾರ್, ನೆಲ ವಾಲಿದ್ರೆ ನೀರೆಲ್ಲ ಆ ಕಡೆ ಭಾರ ಬಿಡತ್ತೆ. ಆ ಕಡೆ ಕಾಲುಗಳು ತಡೆಯಲ್ಲ, ಜಾರಿ ಬಿದ್ದೋಗತ್ತೆ. ಪೆಟ್ಟಿಗೆ ಒಳಗಿನ ಕಾಗ್ದದಲ್ಲೂ ಸಮ ಇರಬೇಕು ಅಂತ ಚಿತ್ರ ಹಾಕಿದಾರೆ, ನೋಡಿ."

"ಅದು ಫಾರಿನ್‌ನವರು ಬರೆದಿದ್ದು. ಅವರಿಗೆ ಈಶಾನ್ಯ ಏನ್ ಗೊತ್ತು?" ಎಂದು ಕೇದಾರ್ ನಕ್ಕ. ಅನಿಲ್ ಕುಮಾರನೂ ನಕ್ಕ. ಇಬ್ಬರೂ ಕಾಫಿಗೆ ಒಳಗೆ ಹೋದರು.

ಮುನಿಲಕ್ಷ್ಮಮ್ಮ ಕುರ್ಚಿಯಿಂದ ಎದ್ದು ಹತ್ತಿರ ಬಂದರು. "ಅಂಜನಪ್ಪ, ಹಟ ಮಾಡ್ಬೇಡಪ್ಪ. ಕೊಳದ ಕೆಳಗೆ ಸಮನಾಗೇ ಇರ್ಲಿ. ಸುತ್ತ ನಡೆಯೋಕೆ ಹಾಸೋ ಕಲ್ಲಿದೆಯಲ್ಲ, ಅದನ್ನ ಈಶಾನ್ಯಕ್ಕೆ ವಾಲಿಸ್ಬಿಡು. ಆ ವಾಸ್ತುದೋನು ಫೋನ್ ಇಟ್ಟು ಇಳಿಜಾರು ನೋಡೋದು ಕಲ್ಲಿನ ಮೇಲೇನೇ. ಕೊಳದ ಅಡೀಲಿ ಯಾರು ಹೋಗಿ ನೋಡ್ತಾರೆ?"

ಎಷ್ಟು ಸುಲಭವಾದ ಉಪಾಯ! ಬೇರೆ ಯಾರಾದರೂ ಆಗಿದ್ದರೆ ಆ ಅಮ್ಮನಿಗೆ ಕೈ ಮುಗಿದು ಕೆಲಸ ಶುರು ಮಾಡುತ್ತಿದ್ದರು. ಅಂಜನಪ್ಪನಿಗೆ ಮೂಗಿನ ತುದಿಯಲ್ಲಿ ಸಿಟ್ಟು. ಆ ಜುಬ್ಬದವನನ್ನು ಮೆಚ್ಚಿಸಲು ತಾನು ನಾಟಕದ ಕಲ್ಲು ಹಾಸಬೇಕೇ?

"ಕಣ್ಣಿಗೆ ಮಣ್ಣೆರಚೋ ಕೆಲ್ಸ ನನಗೆ ಬರಲ್ಲಮ್ಮ," ಎಂದ.

"ಹಂಗಾದ್ರೆ ಸಾಮಾನು ಕಟ್ಟು, ಮನೆಗೆ ನಡಿ," ಎಂದಳು ಹನುಮಕ್ಕ.

ಅದನ್ನೂ ಅವನು ಮಾಡಲಿಲ್ಲ. ಎದ್ದುಹೋದರೆ ಇನ್ಯಾವನೋ ಮಿಷಿನ್ನಿನವನು ಬಂದು ವಾಲಿಸಿಕೊಡುತ್ತಾನೆ, ಅದು ಬಿದ್ದಾಗ ನೋಡಲು ತಾನಿರುವುದಿಲ್ಲ. ಅಂಜನಪ್ಪನಿಗೆ ನೋಡಬೇಕಾಗಿತ್ತು. ಶನಿವಾರ ಬೆಳಿಗ್ಗೆ ಕೊಳ ಜೋಡಿಸುತ್ತಾರೆ, ಮಧ್ಯಾಹ್ನ ಟ್ಯಾಂಕರ್ ಬರುತ್ತದೆ, ನೀರು ತುಂಬುತ್ತ ತುಂಬುತ್ತಲೇ ಕೊಳ ಒರಗುತ್ತದೆ. ಆಗ ಒಳಗೆ ಯಾರೂ ಇರುವುದಿಲ್ಲ. ಕೊಚ್ಚಿಕೊಂಡು ಹೋಗುವುದು ಕೇದಾರನ ಮರ್ಯಾದೆ ಮಾತ್ರ. ಭಾನುವಾರ ತಾನು ಹೋಗಿ ಗೇಟಿನ ಬಳಿ ನಿಂತು, ಒಂದು ಮಾತೂ ಆಡದೆ, ಆ ಜುಬ್ಬದವನ ಮುಖ ನೋಡಿ ಬರಬೇಕು.

ಈ ಲೆಕ್ಕವನ್ನು ಹೆಂಡತಿಗೆ ಹೇಳಿದಾಗ ಅವಳು ಕೈಯಲ್ಲಿದ್ದ ಪೈಪಿನ ತುದಿಯನ್ನು ನೆಲಕ್ಕೆ ಬಿಟ್ಟಳು.

"ಬೀಳ್ಲಿ ಅಂತ ಮಾಡೋ ಕೆಲ್ಸಕ್ಕೆ ನಾನು ಪೈಪ್ ಹಿಡಿಯಲ್ಲಯ್ಯ."

ಅವಳು ಸೆರಗು ಕೊಡವಿಕೊಂಡು ನಡೆದುಬಿಟ್ಟಳು. ಅಂಜನಪ್ಪ ಪೈಪಿನ ಇನ್ನೊಂದು ತುದಿಯನ್ನು ಗೂಟಕ್ಕೆ ಕಟ್ಟಿ, ಒಂದೊಂದು ಗುರುತಿಗೂ ಅಲ್ಲಿಂದಿಲ್ಲಿಗೆ ಓಡಾಡುತ್ತ, ಒಬ್ಬನೇ ಈಶಾನ್ಯವನ್ನು ಕಡಿದ. ಆ ಕೆಲಸದಲ್ಲಿಯೂ ಅವನ ಸೊಕ್ಕು ಬಿಡಲಿಲ್ಲ. ಕೇಳಿದ್ದು ನಾಲ್ಕು ಇಂಚು. ಕೊಟ್ಟದ್ದು ಕೂದಲೆಳೆ ಹೆಚ್ಚಿಲ್ಲದ, ಕಡಿಮೆಯಿಲ್ಲದ ನಾಲ್ಕು ಇಂಚು.

ಭಾನುವಾರ ಹನ್ನೊಂದು ಗಂಟೆಗೆ ಅವನು ಒಗೆದ ಶರಟು ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಹೊರಟ. ಮದುವೆಗೆ ಹೊರಟವನ ಉತ್ಸಾಹ. ಆ ರಸ್ತೆಯ ಮೂಲೆ ತಿರುಗಿದಾಗ ಮೋರಿಯಲ್ಲಿ ನೀರು ಹರಿಯುತ್ತಿರುತ್ತದೆ ಎಂದುಕೊಂಡಿದ್ದ. ಮೋರಿ ಒಣಗಿತ್ತು. ಗೇಟಿನ ಮುಂದೆ ಟ್ಯಾಂಕರ್ ನಿಂತು ಗುರ್ರೆನ್ನುತ್ತಿತ್ತು.

ಆಗಿದ್ದದ್ದು ಇಷ್ಟು. ಬೇಸಿಗೆಯಲ್ಲಿ ಟ್ಯಾಂಕರ್ ಹೇಳಿದ ದಿನ ಬರುವುದುಂಟೇ? ಶನಿವಾರ ಬರಬೇಕಾದದ್ದು ಭಾನುವಾರ ಬೆಳಿಗ್ಗೆ ಬಂದಿತ್ತು. ಎರಡು ಟ್ಯಾಂಕರ್ ಖಾಲಿಯಾಗಿ ಮೂರನೆಯದು ಸುರಿಯುತ್ತಿತ್ತು. ಹುಟ್ಟುಹಬ್ಬದ ಮಕ್ಕಳು ಕೊಳ ತುಂಬುವವರೆಗೆ ಕಾಯಲು ಸಿದ್ಧರಿರಲಿಲ್ಲ, ಕಾಯಿಸುವ ತಾಕತ್ತು ದೊಡ್ಡವರಲ್ಲಿ ಇರಲಿಲ್ಲ. ಅಂಜನಪ್ಪ ಹಿತ್ತಲಿಗೆ ಬಂದು ನೋಡಿದಾಗ ಒಂಬತ್ತು ಮಕ್ಕಳು ನೀರಿನಲ್ಲಿದ್ದರು. ನೀರು ಪೂಜಿತಾಳ ಎದೆಗೆ ಬಂದಿತ್ತು.

ಅವನ ಕಣ್ಣು ಮೊದಲು ಹೋದದ್ದು ಈಶಾನ್ಯದ ಕಾಲುಗಳ ಮೇಲೆ. ಎರಡು ಕಾಲುಗಳು ಹೊರಕ್ಕೆ ಬಾಗಿದ್ದವು. ಒಂದರ ಬುಡ ಕಡಪಾ ಕಲ್ಲಿನ ಅಂಚಿಗೆ ಬಂದು ನಿಂತಿತ್ತು, ಇನ್ನು ಎರಡು ಬೆರಳು ಸರಿದರೆ ಕಲ್ಲು ಬಿಟ್ಟು ಮರಳಿಗೆ ಇಳಿಯುತ್ತಿತ್ತು. ನೀಲಿ ಹಾಳೆ ಅಲ್ಲಿ ಹೊಟ್ಟೆ ಬಿಟ್ಟಿತ್ತು. ಆ ಹೊಟ್ಟೆಗೆ ಬೆನ್ನು ಕೊಟ್ಟು, ಅಂಚಿನ ಪೈಪಿಗೆ ಜೋತುಬಿದ್ದು, ಪೂಜಿತಾ ಕಾಲು ಬಡಿಯುತ್ತಿದ್ದಳು. ಅವಳಿಂದ ಎಂಟಡಿ ದೂರದಲ್ಲಿ ಕಾಂಪೌಂಡಿನ ಕಲ್ಲುಗೋಡೆ.

ಅಂಜನಪ್ಪ ಅನಿಲ್ ಕುಮಾರನ ಕಡೆಗೆ ಓಡಿದ. ನೋಡಬೇಕು ಎಂದು ಬಂದವನು ನೋಡಲಾರದೆ ಹೋದ.

"ಸಾರ್, ಮಕ್ಕಳನ್ನ ಈಗ್ಲೇ ಮೇಲೆ ಕರ್ಕೊಳಿ. ಇದು ನಿಲ್ಲಲ್ಲ, ಸಾರ್. ಬೀಳತ್ತೆ."

ಅನಿಲ್ ಕುಮಾರ್ ಕೈಯಲ್ಲಿ ಜ್ಯೂಸಿನ ಲೋಟ ಹಿಡಿದು ನೆಂಟರ ನಡುವೆ ನಿಂತಿದ್ದ. ಅಂಗಡಿಯ ರುದ್ರೇಶನೂ ಅಲ್ಲಿದ್ದ. "ನೋಡಿ, ಶುರು ಮಾಡ್ದ! ಶುಕ್ರವಾರದಿಂದ ಇದೇ ಇವನದು," ಎಂದು ಅನಿಲ್ ಕುಮಾರ್ ನಕ್ಕ. "ಇವನು ಹೇಳಿದ್ದೇ ಆಗ್ಬೇಕು, ಇಲ್ಲಾಂದ್ರೆ ಶಾಪ ಹಾಕ್ತಾನೆ. ಊಟ ಮಾಡ್ಕೊಂಡು ಹೋಗು ಅಂಜನಪ್ಪ, ಹೋಗು."

"ಸರ್, ನೀವು ನೀರು ನೋಡಿ," ಎಂದ ಕೇದಾರ್, ಕೈ ಚಾಚಿ. "ಈಶಾನ್ಯದಲ್ಲಿ ಅಂಚಿನ ಹತ್ರಕ್ಕೆ ಬಂದಿದೆ, ನೈಋತ್ಯದಲ್ಲಿ ಒಂದು ಗೇಣು ಕೆಳಗಿದೆ. ಸಮೃದ್ಧಿ ಅಂದ್ರೆ ಇದು."

ನೆಂಟರು ಹೌದು ಹೌದು ಎಂದು ತಲೆಯಾಡಿಸಿದರು. ಡಿಗ್ರಿ ಓದಿದವರು, ಕಾರು ಓಡಿಸುವವರು, ಮಕ್ಕಳ ಹೋಂವರ್ಕ್ ಮಾಡಿಕೊಡುವವರು. ಕಣ್ಣೆದುರಿಗೆ ಕೊಳ ವಾಲಿ ನಿಂತಿದೆ, ಅದನ್ನು ಸಮೃದ್ಧಿ ಎಂದು ಫೋಟೋ ತೆಗೆದುಕೊಳ್ಳುತ್ತಿದ್ದಾರೆ. ಇವರಿಗೆ ಭಾರ ಎಂದರೆ ಅರ್ಥವಾಗುವುದಿಲ್ಲ, ಮಟ್ಟ ಎಂದರೆ ಅರ್ಥವಾಗುವುದಿಲ್ಲ. ವಾಸ್ತು ಸುಳ್ಳು ಎಂದರೆ ಅರ್ಧ ಗಂಟೆ ವಾದ ಮಾಡುತ್ತಾರೆ, ಅರ್ಧ ಗಂಟೆ ಆ ಕಾಲು ಕಾಯುವುದಿಲ್ಲ. ಇವರು ಹೆದರುವುದು ಒಂದಕ್ಕೆ ಮಾತ್ರ ಎಂದು ಅಂಜನಪ್ಪನಿಗೆ ಹೊಳೆಯಿತು. ಹೊಳೆದ ಕೂಡಲೇ ಅದರಿಂದ ತನಗೆ ಏನಾಗುತ್ತದೆ ಎನ್ನುವುದೂ ಹೊಳೆಯಿತು. ರುದ್ರೇಶ್ ಅಲ್ಲೇ ನಿಂತಿದ್ದ, ಅರ್ಧ ಗಾಂಧಿ ಬಜಾರೇ ಅಲ್ಲಿ ನಿಂತಿತ್ತು. ಪೂಜಿತಾ ಇನ್ನೊಮ್ಮೆ ಕಾಲು ಬಡಿದಳು, ಕೊಳದ ಕಾಲಿನ ಬುಡ ಇನ್ನೊಂದು ಬೆರಳು ಸರಿಯಿತು.

"ಸಾರ್!" ಎಂದು ಅವನು ಕಿರುಚಿದ. "ನನ್ನಿಂದ ತಪ್ಪಾಗಿದೆ. ಶುಕ್ರವಾರ ಪೈಪು ಉಲ್ಟಾ ಹಿಡಿದ್ಬಿಟ್ಟಿದೀನಿ. ಈಶಾನ್ಯ ನಾಲ್ಕು ಇಂಚು ಎತ್ತರ ಆಗ್ಬಿಟ್ಟಿದೆ, ನೈಋತ್ಯ ತಗ್ಗು ಬಿದ್ದಿದೆ. ಅಲ್ನೋಡಿ, ನೀರು ಈಶಾನ್ಯದಲ್ಲಿ ಎಷ್ಟು ಎತ್ತರಕ್ಕೆ ನಿಂತಿದೆ! ನೆಲ ಎತ್ತರ ಇರೋದಕ್ಕೇ ಅಲ್ವಾ ನೀರು ಎತ್ತರ ಇರೋದು?"

ಇಂಥ ಹಸಿ ಸುಳ್ಳನ್ನು ಅವನು ಜನ್ಮದಲ್ಲಿ ಆಡಿರಲಿಲ್ಲ. ಗದ್ದೆಯ ಬದುವಿನ ಮೇಲೆ ಒಮ್ಮೆ ನಿಂತವರೂ ನಕ್ಕುಬಿಡುವ ಸುಳ್ಳು. ಇಲ್ಲಿ ಒಬ್ಬರೂ ನಗಲಿಲ್ಲ. ಕೇದಾರನ ಮುಖ ಬಿಳಿಚಿಕೊಂಡಿತು.

"ನೈಋತ್ಯ ತಗ್ಗಾ? ಅಯ್ಯೋ ಸರ್, ಅದು ಮಹಾದೋಷ! ಮೊದಲು ಮಕ್ಕಳನ್ನ ಹೊರಗೆ ತೆಗೀರಿ! ಮನೆ ಮಗು ಒಂದು ಕ್ಷಣ ಇರಬಾರ್ದು ಅದ್ರಲ್ಲಿ!"

ಎರಡು ನಿಮಿಷ ಹಿಡಿಯಲಿಲ್ಲ. ಅನಿಲ್ ಕುಮಾರನ ಹೆಂಡತಿ ಯಮುನಾ ರೇಷ್ಮೆ ಸೀರೆಯಲ್ಲೇ ಓಡಿ ಮಗಳ ರಟ್ಟೆ ಹಿಡಿದು ಎಳೆದುಕೊಂಡಳು. ಉಳಿದವರು ತಮ್ಮ ತಮ್ಮ ಮಕ್ಕಳನ್ನು ಒದ್ದೆ ಬಟ್ಟೆಯಂತೆ ಮೇಲಕ್ಕೆತ್ತಿದರು. ಟ್ಯಾಂಕರಿನ ನೀರು ನಿಂತಿತು. ಕೊನೆಯ ಮಗು ಕೊಳದ ಏಣಿ ಇಳಿದು ಅಡುಗೆಮನೆಯ ಬಾಗಿಲಿಗೆ ತಲುಪಿತ್ತೋ ಇಲ್ಲವೋ, ಈಶಾನ್ಯದ ಕಾಲು ಟಕ್ಕೆಂದು ಕಲ್ಲಿನಿಂದ ಜಾರಿತು. ಪಕ್ಕದ್ದು ಬಾಗಿತು. ಪೂಜಿತಾ ಜೋತುಬಿದ್ದಿದ್ದ ಜಾಗ ಹಾಗೇ ಮುಗ್ಗರಿಸಿ, ಇಷ್ಟು ಹೊತ್ತು ತುಂಬಿದ ನೀರೆಲ್ಲ ಒಂದೇ ಉಸಿರಿಗೆ ನುಗ್ಗಿ ಕಲ್ಲುಗೋಡೆಗೆ ಬಡಿಯಿತು. ಮುನಿಲಕ್ಷ್ಮಮ್ಮನ ಪ್ಲಾಸ್ಟಿಕ್ ಕುರ್ಚಿ ಗೋಡೆಗೆ ಅಪ್ಪಳಿಸಿ ಎರಡು ತುಂಡಾಯಿತು. ಪುಣ್ಯಕ್ಕೆ ಆಕೆ ಬಾಗಿಲಲ್ಲಿ ನಿಂತಿದ್ದರು.

ಮೊದಲು ಬಾಯಿ ತೆರೆದವನು ಕೇದಾರನೇ.

"ನೋಡಿದ್ರಾ ಸರ್, ನೈಋತ್ಯ ದೋಷ ಎಷ್ಟು ಬೇಗ ಕೆಲ್ಸ ಮಾಡತ್ತೆ?"

ಅನಿಲ್ ಕುಮಾರ್ ಅಂಜನಪ್ಪನ ಮೇಲೆ ಎಗರಿದ. "ನಲವತ್ತು ವರ್ಷ ಸರ್ವಿಸ್ ಅಂತೆ! ಲೆವೆಲ್ ಅಂಜನಪ್ಪ ಅಂತೆ! ನನ್ನ ಮಗಳು ಸಾಯ್ತಿದ್ಲಲ್ಲೋ! ನಾಲ್ಕು ಇಂಚು ಆ ಕಡೆ ಈ ಕಡೆ ತಿಳಿಯದೋನು ಯಾಕೋ ಕೆಲ್ಸಕ್ಕೆ ಬರ್ತೀಯ? ಕಣ್ಣು ಹೋಗಿದ್ರೆ ಮನೇಲಿ ಬಿದ್ದಿರು!"

ಅಂಜನಪ್ಪ ರುದ್ರೇಶನ ಕಡೆ ನೋಡಿದ. ರುದ್ರೇಶ್ ಬೇರೆ ಕಡೆ ನೋಡಿದ.

"ತಪ್ಪಾಯ್ತು, ಸಾರ್," ಎಂದ ಅಂಜನಪ್ಪ.

"ಸಾಕು ಬಿಡೋ ಅನಿಲ್," ಎಂದರು ಮುನಿಲಕ್ಷ್ಮಮ್ಮ. ಆಕೆ ಮುರಿದ ಕುರ್ಚಿಯನ್ನಲ್ಲ, ಅಂಜನಪ್ಪನನ್ನೇ ನೋಡುತ್ತಿದ್ದರು. "ಕೆಡಿಸಿದೋನೇ ಬಂದು ಸರಿ ಮಾಡ್ಲಿ. ಬೇರೆಯವರನ್ನ ಕರೀಕೂಡದು." ಅವನು ಗೇಟಿನ ಕಡೆ ಹೊರಟಾಗ ಹಿಂದೆಯೇ ಬಂದು ದನಿ ತಗ್ಗಿಸಿದರು. "ಅಡಿ ಸಮ ಇರ್ಲಿ. ಸುತ್ತ ಕಲ್ಲು ನಾನು ಅವತ್ತು ಹೇಳ್ದ ಹಾಗೆ. ಅವತ್ತೇ ಕೇಳ್ಬಾರದಿತ್ತಾ?"

ಮನೆಗೆ ಬಂದಾಗ ಹನುಮಕ್ಕ ಮುದ್ದೆ ತಿರುವುತ್ತಿದ್ದಳು. ಅವನು ನಡೆದದ್ದನ್ನೆಲ್ಲ ಹೇಳಿದ. ಹೇಳುವಾಗ ಆ ಹಸಿ ಸುಳ್ಳಿನ ಭಾಗವನ್ನು ಸ್ವಲ್ಪ ಎಳೆದೇ ಹೇಳಿದ. ಮಕ್ಕಳನ್ನು ಉಳಿಸಲು ತನ್ನ ಹೆಸರನ್ನು ನೀರಿಗೆ ಹಾಕಿ ಬಂದವನನ್ನು ಹೆಂಡತಿಯಾದರೂ ಒಂದು ಮಾತು ಹೊಗಳಬಹುದು ಎಂಬ ಆಸೆ ಅವನಿಗಿತ್ತು. ಅವಳು ಮುದ್ದೆ ಕಟ್ಟಿ ತಟ್ಟೆಗಿಟ್ಟಳು.

"ಆ ಕೇದಾರ್‌ಗೆ ಮಟ್ಟ ಅಂದ್ರೇನು ಅಂತ ಗೊತ್ತಿಲ್ಲ," ಎಂದಳು. "ನಿನಗೆ ಗೊತ್ತಿತ್ತು."

ಅಂಜನಪ್ಪ ತಟ್ಟೆಯ ಮುಂದೆ ಕೂತ. ಊರಿನ ಮೇಲೆಲ್ಲ ಸುರಿಯಲು ಅವನ ಬಳಿ ತಿರಸ್ಕಾರ ಬೇಕಾದಷ್ಟಿತ್ತು. ಅಷ್ಟೂ ಅವತ್ತು ತಿರುಗಿ ಬಂದು ಅವನ ಎದೆಯ ಮೇಲೆಯೇ ಕೂತಿತು. ಒಬ್ಬ ಜುಬ್ಬದವನ ಮುಖ ಸಪ್ಪಗಾಗುವುದನ್ನು ನೋಡುವ ಚಪಲಕ್ಕೆ ಅವನು ಹದಿನಾರು ಟನ್ ನೀರನ್ನು ಬೇಕೆಂದೇ ವಾಲಿಸಿ ಬಂದಿದ್ದ. ಅದಕ್ಕಿಂತ ಕೀಳು ಕೆಲಸವನ್ನು ಯಾವ ಕಳಪೆ ಗಾರೆಯವನೂ ಮಾಡಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಪೈಪು ಸುತ್ತಿಕೊಳ್ಳುವಾಗ ಹನುಮಕ್ಕ ಕರೆಯದೆಯೇ ಎದ್ದು ಬಂದಳು. ಅನಿಲ್ ಕುಮಾರ್ ಯಾವುದೋ ಸೈಟಿನ ರಿಜಿಸ್ಟ್ರೇಷನ್‌ಗೆ ಹೋಗಿದ್ದ. ಹಿತ್ತಲಿನಲ್ಲಿ ಹೊಸ ಕುರ್ಚಿ ಹಾಕಿಕೊಂಡು ಕೂತಿದ್ದವರು ಮುನಿಲಕ್ಷ್ಮಮ್ಮ ಒಬ್ಬರೇ. ಅಂಜನಪ್ಪ ನೈಋತ್ಯದ ನಾಲ್ಕು ಇಂಚನ್ನು ಕಡಿದು ಇಡೀ ನೆಲವನ್ನು ಸಮ ಮಾಡಿದ, ಮತ್ತೆ ಗುದ್ದಿ ಗಟ್ಟಿ ಮಾಡಿದ, ಹನ್ನೆರಡು ಕಲ್ಲುಗಳನ್ನು ಮತ್ತೆ ಕೂರಿಸಿದ. ಹನುಮಕ್ಕ ಹನ್ನೆರಡು ಸಲ "ಬಂತು" ಎಂದಳು. ಮೂರನೆಯ ದಿನ ಕೊಳದ ಸುತ್ತ ನಡೆಯುವ ಕಲ್ಲು ಹಾಸಿದರು. ಅದು ಮಾತ್ರ ಈಶಾನ್ಯಕ್ಕೆ ಚೆನ್ನಾಗಿ ವಾಲಿತ್ತು. ನಾಟಕದ ಕಲ್ಲು. ಅದನ್ನೂ ಅಂಜನಪ್ಪ ಅಚ್ಚುಕಟ್ಟಾಗಿಯೇ ಹಾಸಿದ.

ಕೇದಾರ್ ಬಂದು ಆ ಕಲ್ಲಿನ ಮೇಲೆ ಮೊಬೈಲು ಇಟ್ಟು ನೋಡಿದ. "ಪರ್ಫೆಕ್ಟ್, ಸರ್. ಈಗ ದೋಷ ಹೋಯ್ತು," ಎಂದ. ಬಾಗಿದ ಕಾಲುಗಳಿಗೆ ಬದಲಿ ತರಿಸಿ ಕೊಳ ನಿಲ್ಲಿಸಿದರು. ಮೂರು ಟ್ಯಾಂಕರ್ ನೀರು ತುಂಬಿದರು. ಕೊಳ ಕದಲಲಿಲ್ಲ, ಬೇಸಿಗೆಯೆಲ್ಲ ಪೂಜಿತಾ ಅದರಲ್ಲಿ ಬಿದ್ದುಕೊಂಡಿದ್ದಳು. ಈಶಾನ್ಯ ಸರಿ ಮಾಡಿದ ಮೇಲೆ ಎಲ್ಲ ಹೇಗೆ ಸರಿಹೋಯಿತು ಎಂದು ಅನಿಲ್ ಕುಮಾರ್ ಬಂದವರಿಗೆಲ್ಲ ಹೇಳಿದ. ಕೇದಾರನಿಗೆ ಅದೇ ರಸ್ತೆಯಲ್ಲಿ ಇನ್ನೂ ನಾಲ್ಕು ಮನೆ ಸಿಕ್ಕಿದವು.

ಮೇ ತಿಂಗಳ ಕೊನೆಯಲ್ಲಿ ಅಂಜನಪ್ಪ ಸೀಸದಕಡ್ಡಿ, ದಾರ ಕೊಳ್ಳಲು ರುದ್ರೇಶನ ಅಂಗಡಿಗೆ ಹೋದ. ಹನುಮಕ್ಕನೂ ಜೊತೆಗಿದ್ದಳು. ಬಾತ್‌ರೂಮಿನ ನೆಲ ಮಾಡಿಸಬೇಕು, ಯಾರಾದರೂ ಇದ್ದಾರೆಯೇ ಎಂದು ಒಬ್ಬ ಗಿರಾಕಿ ಕೇಳುತ್ತಿದ್ದ. ರುದ್ರೇಶ್ ಯಾವುದೋ ಮಿಷಿನ್ನಿನವನ ನಂಬರು ಬರೆದುಕೊಟ್ಟ. ಆಮೇಲೆ ಇವನ ಕಡೆ ತಿರುಗಿದ.

"ಏನ್ ಅಂಜನಪ್ಪ," ಎಂದ. ಬರಿಯ ಅಂಜನಪ್ಪ, ಹಿಂದೆ ಏನೂ ಇರಲಿಲ್ಲ. "ಅವತ್ತು ನಿಜವಾಗ್ಲೂ ನೀನೇ ತಪ್ಪು ಮಾಡಿದ್ಯಾ? ನನಗಿನ್ನೂ ನಂಬೋಕಾಗ್ತಿಲ್ಲ ಕಣಪ್ಪ."

ಗಿರಾಕಿ ತಿರುಗಿ ನೋಡಿದ. ಹನುಮಕ್ಕ ದಾರದ ಉಂಡೆಯನ್ನು ಕೈಯಲ್ಲಿ ಹಿಡಿದುಕೊಂಡು ಗಂಡನ ಮುಖವನ್ನೇ ನೋಡುತ್ತ ನಿಂತಳು. ನಿಜ ಹೇಳಿಬಿಡಲು ಅಂಜನಪ್ಪನಿಗೆ ಒಂದೇ ಮಾತು ಸಾಕಾಗಿತ್ತು. ಕೇದಾರನನ್ನೂ ಅನಿಲ್ ಕುಮಾರನನ್ನೂ ಆ ಡಿಗ್ರಿ ಓದಿದ ನೆಂಟರನ್ನೂ ಅಂಗಡಿಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿ ಉಗಿಯಬಹುದಿತ್ತು, ತನ್ನ ಹೆಸರನ್ನು ಅಲ್ಲೇ ವಾಪಸು ಪಡೆಯಬಹುದಿತ್ತು.

"ನಾನೇ," ಎಂದ ಅಂಜನಪ್ಪ. "ನಾಲ್ಕು ಇಂಚು."

ಹನುಮಕ್ಕ ದಾರದ ಉಂಡೆಯನ್ನು ಚೀಲಕ್ಕೆ ಹಾಕಿದಳು.

"ಬಾ, ಹೋಗೋಣ," ಎಂದಳು.